ಫುಟ್‌ಬಾಲ್ ಬಿಡುವುದು ಬೇಡ, ಕ್ರಿಕೆಟ್ಟೂ ಇರಲಿ



ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ನಡೆದ ಮಾತು ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಮೇ ತಿಂಗಳ ರಜೆಯಲ್ಲಿ ಗುಡ್ಡಾಪುರದ ಬಯಲಿನಲ್ಲಿ ನಾವು ನಡೆಸುವ ಆಟಗಳಿಂದ ಈ ವರ್ಷ ಫುಟ್‌ಬಾಲನ್ನು ಕೈಬಿಡಬೇಕು, ಕೂಡಿದ ಪಟ್ಟಿ ಹಣವನ್ನೆಲ್ಲ ಕ್ರಿಕೆಟ್ ಟೂರ್ನಿಗೇ ಹಾಕಿ ಬಹುಮಾನ ದೊಡ್ಡದು ಮಾಡಬೇಕು ಎಂಬ ಸಲಹೆ ಬಂತು. ಕಾರಣಗಳೂ ಇದ್ದವು. ಕ್ರಿಕೆಟ್ ಅಂದರೆ ಸುತ್ತಲಿನ ಹಳ್ಳಿಗಳಿಂದ ತಂಡಗಳು ಬರುತ್ತವೆ, ಜನ ಸೇರುತ್ತಾರೆ, ಮೈಕು ಹಚ್ಚಬಹುದು. ಫುಟ್‌ಬಾಲಿಗೆ ಬರುವವರು ನಮ್ಮ ಹುಡುಗರೇ ಒಂದಿಷ್ಟು, ಹುಡುಗಿಯರು ಒಂದಿಷ್ಟು. ಅದೂ ಅಲ್ಲದೆ ಹೋದ ವರ್ಷ ಎರಡು ಚೆಂಡು ಜಾಲಿಮುಳ್ಳಿಗೆ ಸಿಕ್ಕಿ ಒಡೆದವು.

ಅಲ್ಲೇ ಒಬ್ಬ ಕಾಕಾ ಹೇಳಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ. "ಎರಡು ದೋಣ್ಯಾಗ ಕಾಲಿಟ್ರ ಏನಾಗ್ತೈತಿ ಗೊತ್ತಿಲ್ಲೇನು? ಒಂದ ಆಟ ಹಿಡೀರಿ, ಛಂದ ಆಡ್ರಿ." ತಲೆಯಾಡಿಸಿದವರೇ ಹೆಚ್ಚು. ಒಬ್ಬ ತಾಯಿಯೂ ಹೇಳಿದರು: ಮಗ ಕ್ರಿಕೆಟ್ ತರಬೇತಿಗೆ ಹೋಗುತ್ತಾನೆ, ಹತ್ತು ವರ್ಷ, ಅವನು ಫುಟ್‌ಬಾಲ್ ಆಡಿ ಕಾಲು ಮುರಿದುಕೊಂಡರೆ ಕಟ್ಟಿದ ಫೀ ವ್ಯರ್ಥವಲ್ಲವೇ?

ಅಂದು ನಾವು ಸುಮ್ಮನಿದ್ದೆವು. ಹಿರಿಯರ ಎದುರು ಒಮ್ಮೆಲೇ ಬಾಯಿ ಬರುವುದಿಲ್ಲ. ಮನೆಗೆ ಹೋದ ಮೇಲೆ ನಾವು ನಾಲ್ಕೈದು ಜನ ಕೂತು ಈ ದೋಣಿಯ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆವು. ನಿಜವಾಗಿಯೂ ಎರಡೂ ಆಟ ಆಡಿದವರು ಮುಳುಗಿದ್ದಾರೆಯೇ? ಹುಡುಕಿದಷ್ಟೂ ಸಿಕ್ಕಿದ್ದು ಬೇರೆಯೇ ಕಥೆ. ಅದಕ್ಕೇ ಈ ಬರಹ.

ಇಂಗ್ಲೆಂಡ್ ದೇಶಕ್ಕೆ ಫುಟ್‌ಬಾಲನ್ನೂ ಟೆಸ್ಟ್ ಕ್ರಿಕೆಟ್ಟನ್ನೂ ಎರಡನ್ನೂ ಆಡಿದ ಗಂಡಸರು ಒಟ್ಟು ಹನ್ನೆರಡು ಜನ. (ಹನ್ನೆರಡು ಅಂದಕೂಡಲೇ ನಮ್ಮ ತಲೆ ಪ್ರೇಷಿತರ ಕಡೆಗೇ ಹೋಗುತ್ತದೆ, ಇರಲಿ.) ಮೊದಲಿಗ ಆಲ್ಫ್ರೆಡ್ ಲಿಟಲ್ಟನ್. ಅವರ ಅಣ್ಣ ಎಡ್ವರ್ಡ್ ಲಿಟಲ್ಟನ್ ಕೂಡ 1878ರಲ್ಲಿ ಇಂಗ್ಲೆಂಡಿಗೆ ಫುಟ್‌ಬಾಲ್ ಆಡಿದವರು, ಕೌಂಟಿ ಕ್ರಿಕೆಟ್ ಆಡಿದವರು. ಟೆಸ್ಟ್ ಆಡದ್ದರಿಂದ ಅವರು ಈ ಹನ್ನೆರಡರಲ್ಲಿ ಬರುವುದಿಲ್ಲ, ಆದರೆ ಮುಂದೆ ಗುರುದೀಕ್ಷೆ ಪಡೆದು ಪಾದ್ರಿಯಾದರು, ಈಟನ್ ಶಾಲೆಯ ಮುಖ್ಯೋಪಾಧ್ಯಾಯರೂ ಆದರು ಎಂಬುದನ್ನು ನಮ್ಮ ಓದುಗರಿಗೆ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಹನ್ನೆರಡರಲ್ಲಿ ಆರ್. ಇ. ಫಾಸ್ಟರ್ ಒಬ್ಬರು. ಎರಡೂ ಆಟಗಳಲ್ಲಿ ಇಂಗ್ಲೆಂಡಿನ ನಾಯಕನಾದವರು ಅವರೊಬ್ಬರೇ. 1903ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ತಮ್ಮ ಮೊದಲ ಟೆಸ್ಟಿನಲ್ಲೇ 287 ರನ್ ಹೊಡೆದರು. ಸಿ. ಬಿ. ಫ್ರೈ 1901ರಲ್ಲಿ ಐರ್ಲೆಂಡ್ ವಿರುದ್ಧ ಫುಟ್‌ಬಾಲ್ ಆಡಿದರು, 26 ಟೆಸ್ಟ್ ಆಡಿದರು, ಅದಕ್ಕೂ ಮೊದಲು 1893ರಲ್ಲಿ ಉದ್ದ ಜಿಗಿತದ ವಿಶ್ವದಾಖಲೆಯನ್ನು ಸರಿಗಟ್ಟಿದ್ದರು. ಇದು ಎರಡು ದೋಣಿಯಲ್ಲ, ಮೂರು ದೋಣಿ. ವಿಲ್ಲಿ ವಾಟ್ಸನ್ 1950ರ ಫುಟ್‌ಬಾಲ್ ವಿಶ್ವಕಪ್ಪಿಗೆ ಬ್ರೆಜಿಲ್‌ಗೆ ಹೋದ ಇಂಗ್ಲೆಂಡ್ ತಂಡದಲ್ಲಿದ್ದರು. ಮೂರು ವರ್ಷದ ನಂತರ ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯಾ ಗೆದ್ದೇಬಿಟ್ಟಿತು ಅನ್ನುವಾಗ ಟ್ರೆವರ್ ಬೈಲಿ ಜೊತೆ ಗಂಟೆಗಟ್ಟಲೆ ಕಚ್ಚಿ ನಿಂತು 109 ರನ್ ಮಾಡಿ ಟೆಸ್ಟ್ ಉಳಿಸಿದರು.

ನಮಗೆ ಎಲ್ಲರಿಗಿಂತ ಇಷ್ಟವಾದವರು ಕೊನೆಯವರು, ಆರ್ಥರ್ ಮಿಲ್ಟನ್. ಬ್ರಿಸ್ಟಲ್ ಊರಿನವರು. ಚಳಿಗಾಲದಲ್ಲಿ ಆರ್ಸೆನಲ್ ಕ್ಲಬ್ಬಿಗೆ ಫುಟ್‌ಬಾಲ್, ಬೇಸಿಗೆಯಲ್ಲಿ ಗ್ಲಾಸ್ಟರ್‌ಶೈರ್‌ಗೆ ಕ್ರಿಕೆಟ್. 1951ರಲ್ಲಿ ವೆಂಬ್ಲಿಯಲ್ಲಿ ಆಸ್ಟ್ರಿಯಾ ವಿರುದ್ಧ ಇಂಗ್ಲೆಂಡಿನ ಅಂಗಿ ತೊಟ್ಟರು. 1958ರಲ್ಲಿ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿ ಔಟಾಗದೆ 104 ಹೊಡೆದರು. ಇಷ್ಟೆಲ್ಲ ಆಡಿದವರು ಆಟ ಬಿಟ್ಟ ಮೇಲೆ ಏನು ಮಾಡಿದರು? ಬ್ರಿಸ್ಟಲ್‌ನಲ್ಲಿ ಪೋಸ್ಟ್‌ಮ್ಯಾನ್ ಆದರು. ನಸುಕಿನಲ್ಲಿ ಎದ್ದು ಸೈಕಲ್ ಮೇಲೆ ಮನೆಮನೆಗೆ ಕಾಗದ ಹಂಚಿದರು. ಅಂಚೆ ಇಲಾಖೆಯಿಂದ ನಿವೃತ್ತಿಯಾದ ಮೇಲೂ ಸೈಕಲ್ ಬಿಡಲಿಲ್ಲ, ಪೇಪರ್ ಹಾಕಿದರು. 2007ರಲ್ಲಿ ತೀರಿಕೊಂಡರು. ಅವರ ನಂತರ ಆ ಪಟ್ಟಿಗೆ ಹದಿಮೂರನೆಯ ಗಂಡಸಿನ ಹೆಸರು ಸೇರಿಲ್ಲ.

ಯಾಕೆ ಸೇರಲಿಲ್ಲ? ನಮ್ಮ ಇಡೀ ಮಾತು ನಿಂತಿರುವುದು ಈ ಪ್ರಶ್ನೆಯ ಮೇಲೆ.

ಮನುಷ್ಯನ ಕಾಲು ಕೈ ಏನೂ ಬದಲಾಗಿಲ್ಲ. ಬದಲಾದದ್ದು ಕ್ಯಾಲೆಂಡರ್ ಮತ್ತು ಸಂಬಳ. ಆಗ ಇಂಗ್ಲೆಂಡಿನಲ್ಲಿ ಚಳಿಗಾಲ ಫುಟ್‌ಬಾಲಿನದು, ಬೇಸಿಗೆ ಕ್ರಿಕೆಟ್ಟಿನದು. ನಮ್ಮಲ್ಲಿ ಮುಂಗಾರಿಗೆ ತೊಗರಿ ಸಜ್ಜೆ, ಹಿಂಗಾರಿಗೆ ಬಿಳಿಜೋಳ ಅಂದ ಹಾಗೆ. ಒಂದೇ ಹೊಲ, ಎರಡು ಬೆಳೆ, ಒಂದಕ್ಕೊಂದು ಅಡ್ಡಿಯಿಲ್ಲ. ಇನ್ನೊಂದು ಸಂಗತಿ ಅಂದರೆ, 1961ರವರೆಗೂ ಅಲ್ಲಿ ಫುಟ್‌ಬಾಲ್ ಆಟಗಾರನಿಗೆ ಎಷ್ಟೇ ದೊಡ್ಡ ಹೆಸರಿದ್ದರೂ ವಾರಕ್ಕೆ 20 ಪೌಂಡಿನ ಮೇಲೆ ಸಂಬಳ ಕೊಡುವಂತಿರಲಿಲ್ಲ, ಅದಕ್ಕೆ ಮಿತಿ ಇತ್ತು. ಬೇಸಿಗೆಯಲ್ಲಿ ಕ್ರಿಕೆಟ್ ಆಡಿದರೆ ಮನೆಗೆ ಇನ್ನೊಂದಿಷ್ಟು ಆದಾಯ. ಮಿತಿ ಹೋಯಿತು, ಫುಟ್‌ಬಾಲಿನಲ್ಲಿ ದುಡ್ಡು ಬಂತು, ಸೀಸನ್ ಎರಡೂ ತುದಿಗೆ ಬೆಳೆಯಿತು. ಇತ್ತ ಕ್ರಿಕೆಟ್ಟಿನಲ್ಲೂ 1963ರಿಂದ ಒಂದು ದಿನದ ಪಂದ್ಯಗಳು ಶುರುವಾದವು. ಒಂದು ಆಟ ಇನ್ನೊಂದರ ತಿಂಗಳುಗಳನ್ನು ತಿಂದಿತು. ಅಂದರೆ ಎರಡನ್ನೂ ಆಡುವವರು ಸೋತು ಬಿಟ್ಟದ್ದಲ್ಲ. ಅವರನ್ನು ಕೊಂಡವರು ಇಡೀ ವರ್ಷವನ್ನೇ ಕೊಂಡುಕೊಂಡರು.

ಅದು ಸಂಬಳದ ಆಟಗಾರರ ಮಾತು. ನಮ್ಮ ಹತ್ತು ವರ್ಷದ ಹುಡುಗನ ವರ್ಷವನ್ನು ಯಾರೂ ಕೊಂಡಿಲ್ಲವಲ್ಲ? ಅವನಿಗೆ ನಾವೇ ಯಾಕೆ ಬೇಲಿ ಹಾಕಬೇಕು?

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಈ ಮಾತಿಗೆ ಮೊದಲು ಬರುವ ಹೆಸರು ಬಂಗಾಳದ ಚುನಿ ಗೋಸ್ವಾಮಿ. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದ ಭಾರತ ಫುಟ್‌ಬಾಲ್ ತಂಡದ ನಾಯಕ. ಅಂಥ ಚಿನ್ನ ಅದಾದ ಮೇಲೆ ನಮಗೆ ಬಂದಿಲ್ಲ. ಅದೇ ಮನುಷ್ಯ ಬಂಗಾಳಕ್ಕೆ ರಣಜಿ ಕ್ರಿಕೆಟ್ಟೂ ಆಡಿದರು. 1966ರ ಡಿಸೆಂಬರಿನಲ್ಲಿ ಗ್ಯಾರಿ ಸೋಬರ್ಸ್ ಅವರ ವೆಸ್ಟ್ ಇಂಡೀಸ್ ತಂಡ ಇಂದೋರಿಗೆ ಬಂದಾಗ ಪೂರ್ವ ಮತ್ತು ಮಧ್ಯ ವಲಯಗಳ ಕೂಡುತಂಡ ಅದನ್ನು ಇನ್ನಿಂಗ್ಸ್ ಅಂತರದಲ್ಲಿ ಸೋಲಿಸಿತು. ಆ ಪಂದ್ಯದಲ್ಲಿ ಎಂಟು ವಿಕೆಟ್ ಚುನಿ ಅವರದು. 1971-72ರಲ್ಲಿ ಬಂಗಾಳವನ್ನು ರಣಜಿ ಫೈನಲ್‌ಗೆ ಒಯ್ದ ನಾಯಕರೂ ಅವರೇ. ಬಾಂಬೆ ಎದುರು ಸೋತರು. ಟೆಸ್ಟ್ ಕ್ಯಾಪ್ ಮಾತ್ರ ಸಿಗಲಿಲ್ಲ. 46 ಪ್ರಥಮ ದರ್ಜೆ ಪಂದ್ಯ, ಒಂದು ಶತಕ, ಮೇಲೆ ಏಷ್ಯಾದ ಚಿನ್ನ. ಈ ಮನುಷ್ಯ ಮುಳುಗಿದ ಅಂತ ಯಾರಾದರೂ ಹೇಳುವುದಾದರೆ ಹೇಳಲಿ.

ಕಾಕಾ ಅವರ ಮಾತಿಗೆ ಬಲ ಕೊಡುವ ಒಂದು ಕಥೆಯೂ ಸಿಕ್ಕಿತು. ಮುಚ್ಚಿಡುವುದು ಸರಿಯಲ್ಲ, ಹೇಳುತ್ತೇವೆ. ಮದ್ರಾಸಿನ ಎಂ. ಜೆ. ಗೋಪಾಲನ್ ಭಾರತಕ್ಕೆ ಎರಡು ಆಟ ಆಡಿದವರು, ಹಾಕಿ ಮತ್ತು ಕ್ರಿಕೆಟ್. 1934ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡಿದರು. ಅದೇ ವರ್ಷದ ನವೆಂಬರಿನಲ್ಲಿ ರಣಜಿ ಟ್ರೋಫಿ ಹುಟ್ಟಿದಾಗ ಅದರ ಮೊಟ್ಟಮೊದಲ ಚೆಂಡು ಎಸೆದವರು ಅವರು. ಚೆಪಾಕ್‌ನಲ್ಲಿ, ಎದುರಿಗೆ ನಮ್ಮ ಮೈಸೂರು ತಂಡ. (ಆ ಪಂದ್ಯ ಒಂದೇ ದಿನಕ್ಕೆ ಮುಗಿಯಿತು, ಮೈಸೂರಿನ ಪರವಾಗಿ ಅಲ್ಲ.) 1935ರಲ್ಲಿ ಧ್ಯಾನ್‌ಚಂದ್ ಜೊತೆ ನ್ಯೂಜಿಲೆಂಡಿಗೆ ಹಾಕಿ ಆಡಲು ಹೋದರು. 1936 ಬಂದಾಗ ಎರಡರಲ್ಲಿ ಒಂದನ್ನು ಆರಿಸಬೇಕಾಯಿತು: ಬರ್ಲಿನ್ ಒಲಿಂಪಿಕ್ಸ್‌ಗೆ ಹಾಕಿ ತಂಡವೋ, ಇಂಗ್ಲೆಂಡ್ ಪ್ರವಾಸಕ್ಕೆ ಕ್ರಿಕೆಟ್ ತಂಡವೋ. ಗೋಪಾಲನ್ ಕ್ರಿಕೆಟ್ ಆರಿಸಿಕೊಂಡರು. ಇಂಗ್ಲೆಂಡಿನಲ್ಲಿ ಒಂದು ಟೆಸ್ಟಿನಲ್ಲೂ ಅವರನ್ನು ಆಡಿಸಲಿಲ್ಲ. ಅತ್ತ ಹಾಕಿ ತಂಡ ಬರ್ಲಿನ್‌ನಲ್ಲಿ ಚಿನ್ನ ಗೆದ್ದು ಬಂತು.

ಇದನ್ನು ಓದಿ ನಮ್ಮಲ್ಲೇ ಜಗಳವಾಯಿತು. "ನೋಡು, ಎರಡು ದೋಣಿ!" ಅಂದ ಒಬ್ಬ. ಆದರೆ ಸರಿಯಾಗಿ ನೋಡಿದರೆ ಗೋಪಾಲನ್‌ಗೆ ಆ ಚಿನ್ನ ತಪ್ಪಿದ್ದು ಎರಡು ಆಟ ಆಡಿದ್ದರಿಂದ ಅಲ್ಲ, ಒಂದನ್ನು ಆರಿಸಿಕೋ ಎಂಬ ಒತ್ತಡ ಬಂದಾಗ ಆರಿಸಿದ್ದರಿಂದ. ದೊಡ್ಡವರಾದ ಮೇಲೆ ಅಂಥ ದಿನ ಬಂದೇ ಬರುತ್ತದೆ, ಒಪ್ಪುತ್ತೇವೆ. ಅದು ತಾನಾಗಿ ಬರಲಿ. ಐದನೆಯ ಇಯತ್ತೆಯ ಮಗುವಿಗೆ ನಾವು ಮುಂಗಡವಾಗಿ ತಂದು ಕೊಡುವುದು ಬೇಡ.

ಇನ್ನು ಹಜಾರೆ ಅವರ ವಿಷಯ. ಅಂದು ಮರದ ಕೆಳಗೆ ಅವರ ಹೆಸರೂ ಬಂತು. "ನಮ್ಮ ಜಿಲ್ಲಾದಾಗ ಹುಟ್ಟಿದ ಕ್ರೈಸ್ತ ಹುಡುಗ ದೇಶದ ಕ್ಯಾಪ್ಟನ್ ಆದ, ಕ್ರಿಕೆಟ್ಟಿನಾಗ ಆದ" ಅಂದರು. ಮಾತು ನಿಜ, ನಮಗೂ ಎದೆಯುಬ್ಬುತ್ತದೆ. ವಿಜಯ್ ಹಜಾರೆ 1915ರ ಮಾರ್ಚ್ 11ರಂದು ಸಾಂಗ್ಲಿಯಲ್ಲಿ ಹುಟ್ಟಿದರು. ತಂದೆ ಶಾಲಾ ಮಾಸ್ತರು, ಮನೆ ತುಂಬ ಮಕ್ಕಳು. ನಮ್ಮ ಜತ್ತ ಸಂಸ್ಥಾನದ ರಾಜರು ಆಸ್ಟ್ರೇಲಿಯಾದ ಹೆಸರಾಂತ ಲೆಗ್ ಸ್ಪಿನ್ನರ್ ಕ್ಲಾರಿ ಗ್ರಿಮೆಟ್ ಅವರನ್ನು ತರಬೇತಿಗಾಗಿ ಕರೆಸಿದ್ದರು. ಆ ಗ್ರಿಮೆಟ್ ಕೈಯಲ್ಲಿ ಹಜಾರೆ ಪಳಗಿದರು. ಇವತ್ತು ಜತ್ತದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಹೇಳಿದರೆ ಯಾರೂ ನಂಬಲಿಕ್ಕಿಲ್ಲ. 1948ರಲ್ಲಿ ಅಡಿಲೇಡ್‌ನಲ್ಲಿ ಬ್ರಾಡ್ಮನ್ನರ ತಂಡದ ವಿರುದ್ಧ ಒಂದೇ ಟೆಸ್ಟಿನ ಎರಡೂ ಇನ್ನಿಂಗ್ಸ್‌ನಲ್ಲಿ ಶತಕ, 116 ಮತ್ತು 145. 1952ರಲ್ಲಿ ಮದ್ರಾಸಿನಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಗೆದ್ದಾಗ ನಾಯಕ ಅವರೇ. ಅವರು ಎರಡು ಆಟ ಆಡಿ ದೇಶ ಪ್ರತಿನಿಧಿಸಿದವರಲ್ಲ, ಆಡಿದ್ದು ಕ್ರಿಕೆಟ್.

ಆದರೆ ಹಜಾರೆ ಅವರ ಒಂದು ಇನ್ನಿಂಗ್ಸ್ ಇದೆ, ನಮ್ಮ ಟೂರ್ನಿಯ ಬಗ್ಗೆ ಯೋಚಿಸುವಾಗಲೆಲ್ಲ ಅದು ನೆನಪಿಗೆ ಬರುತ್ತದೆ. ಆಗ ಬಾಂಬೆಯಲ್ಲಿ ಪೆಂಟಾಂಗ್ಯುಲರ್ ಎಂಬ ಟೂರ್ನಿ ನಡೆಯುತ್ತಿತ್ತು. ಧರ್ಮದ ಮೇಲೆ ತಂಡಗಳು: ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್. ಇವುಗಳಲ್ಲಿ ಯಾವುದಕ್ಕೂ ಸೇರದವರಿಗೆ 'ರೆಸ್ಟ್', ಅಂದರೆ 'ಉಳಿದವರು' ಎಂಬ ತಂಡ. ಕ್ರೈಸ್ತರು ಆ 'ಉಳಿದವರಲ್ಲಿ' ಒಬ್ಬರು. 1943-44ರ ಫೈನಲ್‌ನಲ್ಲಿ ಹಿಂದೂ ತಂಡದ ಪರ ವಿಜಯ್ ಮರ್ಚೆಂಟ್ ಔಟಾಗದೆ 250 ಹೊಡೆದರು. ಉಳಿದವರ ತಂಡ ಎರಡನೇ ಇನ್ನಿಂಗ್ಸ್‌ನಲ್ಲಿ 387 ಮಾಡಿತು, ಅದರಲ್ಲಿ ಹಜಾರೆ ಒಬ್ಬರೇ 309! ಒಂದು ಜೊತೆಯಾಟ 300 ರನ್ನಿನದು. ಇನ್ನೊಂದು ತುದಿಯಲ್ಲಿ ನಿಂತಿದ್ದವರು ಅವರ ತಮ್ಮ ವಿವೇಕ್ ಹಜಾರೆ. ಆ 300ರಲ್ಲಿ ವಿವೇಕ್ ಪಾಲು 21. ಪಂದ್ಯ ಸೋತರು, ಅದು ಬೇರೆ ಮಾತು. ಧರ್ಮದ ಹೆಸರಿನಲ್ಲಿ ತಂಡ ಕಟ್ಟುವ ಆ ಟೂರ್ನಿಯೂ 1946ರಲ್ಲಿ ನಿಂತಿತು, ನಿಂತದ್ದೇ ಒಳ್ಳೆಯದಾಯಿತು. ನಮ್ಮ ಬಯಲಿನಲ್ಲಿ ದಾನಮ್ಮನ ಗುಡಿಗೆ ನಡೆದುಕೊಳ್ಳುವ ಮನೆಯ ಹುಡುಗರೂ ನಾವೂ ಒಂದೇ ತಂಡದಲ್ಲಿ ಆಡುತ್ತೇವೆ, ಅದು ಹಾಗೆಯೇ ಇರಲಿ.

ಎಲ್ಲರೂ ವಿಜಯ್ ಬಗ್ಗೆ ಮಾತಾಡುತ್ತಾರೆ. ನಾವು ಯೋಚಿಸುವುದು ವಿವೇಕ್ ಬಗ್ಗೆ. ನಮ್ಮ ಧರ್ಮಕೇಂದ್ರದ ಮಕ್ಕಳಲ್ಲಿ ಒಬ್ಬ ವಿಜಯ್ ಇರಬಹುದು, ಇಲ್ಲದೆಯೂ ಇರಬಹುದು. ಉಳಿದ ಮೂವತ್ತು ನಲವತ್ತು ಮಕ್ಕಳು ಇನ್ನೊಂದು ತುದಿಯಲ್ಲಿ ನಿಂತು 21 ಹೊಡೆಯುವವರು. ಮೇ ತಿಂಗಳ ಆಟ ಇರುವುದು ಅವರಿಗಾಗಿ. ಬಹುಮಾನ ದೊಡ್ಡದಾದ ಕೂಡಲೇ ಏನಾಗುತ್ತದೆ ಎಂದು ನಾವು ಬೇರೆ ಕಡೆ ನೋಡಿದ್ದೇವೆ. ಹೊರಗಿನಿಂದ ಗಟ್ಟಿ ಆಟಗಾರರನ್ನು ಕರೆತರುತ್ತಾರೆ, ನಮ್ಮ ಹುಡುಗರು ಹೊರಗೆ ಕೂತು ನೀರಿನ ಬಾಟಲಿ ಒಯ್ಯುತ್ತಾರೆ. ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಬ್ಯಾಟು ಸಿಗದೆ ಇಡೀ ದಿನ ಬಿಸಿಲಲ್ಲಿ ಫೀಲ್ಡಿಂಗ್ ಮಾಡಿ ಮನೆಗೆ ಹೋಗುವ ಹುಡುಗನಿಗೆ ಫುಟ್‌ಬಾಲಿನಲ್ಲಿ ಕನಿಷ್ಠ ಹತ್ತು ಸಲ ಚೆಂಡು ಕಾಲಿಗೆ ಸಿಗುತ್ತದೆ.

"ಫುಟ್‌ಬಾಲ್ ನಮ್ಮ ಕಡೆಯ ಆಟವೇ ಅಲ್ಲ" ಎಂಬ ಮಾತೂ ಬಂತು. ಕೊಲ್ಹಾಪುರ ಎಷ್ಟು ದೂರ? ಅಲ್ಲಿ ಪೇಠೆ ಪೇಠೆಗೆ, ತಾಲೀಮು ತಾಲೀಮಿಗೆ ಫುಟ್‌ಬಾಲ್ ತಂಡವಿದೆ. ಕುಸ್ತಿಯ ಊರು ಅಂತ ಹೆಸರಾದ ಊರು ಎರಡನ್ನೂ ಸಾಕಿಕೊಂಡು ಬಂದಿದೆ ನೋಡಿ! 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಆಡಿದ ನಮ್ಮ ತಂಡದಲ್ಲಿದ್ದ ಅನಿಕೇತ್ ಜಾಧವ್ ಕೊಲ್ಹಾಪುರದ ಹುಡುಗ. ಇನ್ನು ಕನ್ನಡ ನಾಡಿನ ಕಡೆ ತಿರುಗಿದರೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತ ಪಂದ್ಯದಲ್ಲಿ ನಮ್ಮ ಒಂದೇ ಒಂದು ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಆ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. 1968-69ರ ನಂತರ ಬರ ಬಿತ್ತು. ಐವತ್ತನಾಲ್ಕು ವರ್ಷ ಕಳೆದು 2023ರ ಮಾರ್ಚಿನಲ್ಲಿ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಕಪ್ ತಂದಿತು. ನಮ್ಮದು ಮಹಾರಾಷ್ಟ್ರದ ತಾಲ್ಲೂಕು, ಮಾತು ಕನ್ನಡ. ಹೀಗಾಗಿ ಕೊಲ್ಹಾಪುರದ ಹೆಮ್ಮೆಯೂ ನಮ್ಮದೇ, ಬೆಂಗಳೂರಿನ ಕಪ್ಪೂ ನಮ್ಮದೇ. ಇಲ್ಲಿ ಮಾತ್ರ ಎರಡು ದೋಣಿಯಲ್ಲಿ ನಿಂತವರು ನಾವೇ, ಇಷ್ಟು ವರ್ಷವಾಯಿತು, ಮುಳುಗಿಲ್ಲ.

ಈಗ ಭಾನುವಾರ ಯಾರೂ ಎತ್ತದ ಮಾತು. ಫುಟ್‌ಬಾಲ್ ತೆಗೆದರೆ ಯಾರ ಆಟ ಹೋಗುತ್ತದೆ? ಹುಡುಗರಿಗೆ ಕ್ರಿಕೆಟ್ ಉಳಿಯುತ್ತದೆ. ನಮ್ಮ ಹುಡುಗಿಯರು ಆಡುವುದು ಫುಟ್‌ಬಾಲ್ ಒಂದನ್ನೇ. ಮೂರು ವರ್ಷದ ಹಿಂದೆ ಏಳೇಳು ಜನರ ಎರಡು ತಂಡ ಮಾಡಿ ಬೆಳಗಿನ ತಂಪಿನಲ್ಲಿ ಆಡಿಸಲು ಶುರು ಮಾಡಿದೆವು. ಮೊದಲ ವರ್ಷ ಅಮ್ಮಂದಿರು ಸುತ್ತ ನಿಂತು ನಕ್ಕರು. ಎರಡನೆಯ ವರ್ಷ ಕೂಗಿ ಹುರಿದುಂಬಿಸಿದರು. ಹೋದ ವರ್ಷ ಒಬ್ಬ ಅಜ್ಜಿ ರೆಫರಿಗೇ ಬೈದಳು. ಪಟ್ಟಿಯಿಂದ ಒಂದು ಸಾಲು ಹೊಡೆದುಹಾಕಿದರೆ ಹೋಗುವುದು ಈ ಹದಿನಾಲ್ಕು ಮಕ್ಕಳ ಆಟ. ಮರದ ಕೆಳಗಿನ ಮಾತಿಗೆ ಅವರಲ್ಲಿ ಒಬ್ಬರನ್ನೂ ಯಾರೂ ಕರೆದಿರಲಿಲ್ಲ. ಕರೆಯದ ತಪ್ಪು ನಮ್ಮದೂ ಹೌದು.

ಎರಡೂ ಆಟ ದೇಶಕ್ಕೆ ಆಡಿದ ಕಥೆ ನಮ್ಮ ಕಾಲದಲ್ಲಿ ಮುಂದುವರಿದದ್ದು ಹೆಣ್ಣುಮಕ್ಕಳಲ್ಲಿ. ಇಂಗ್ಲೆಂಡಿನ ಕ್ಲೇರ್ ಟೇಲರ್ 1993ರಲ್ಲಿ ಕ್ರಿಕೆಟ್ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು, ಇಂಗ್ಲೆಂಡಿಗೆ ಫುಟ್‌ಬಾಲ್ ಕೂಡ ಆಡಿದರು. ಆಸ್ಟ್ರೇಲಿಯಾದ ಎಲಿಸ್ ಪೆರಿ 2007ರಲ್ಲಿ ಹದಿನಾರು ವರ್ಷದ ಶಾಲಾ ಹುಡುಗಿ. ಆ ಒಂದೇ ವರ್ಷ, ಕೆಲವೇ ವಾರಗಳ ಅಂತರದಲ್ಲಿ ಎರಡೂ ಆಟಗಳಲ್ಲಿ ದೇಶಕ್ಕೆ ಆಡಿದಳು. 2011ರ ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ದೂರದಿಂದ ಎಡಗಾಲಲ್ಲಿ ಹೊಡೆದ ಗೋಲಿನ ವಿಡಿಯೋ ಸಿಗುತ್ತದೆ, ನೋಡಿ. 2012ರಲ್ಲಿ ಆಕೆಯ ಫುಟ್‌ಬಾಲ್ ಕ್ಲಬ್ಬು ಫುಟ್‌ಬಾಲಿಗೇ ಮೊದಲ ಸ್ಥಾನ ಕೊಡಬೇಕು ಅಂದಾಗ ಆಕೆ ಕ್ಲಬ್ಬನ್ನೇ ಬಿಟ್ಟು ಎರಡಕ್ಕೂ ಜಾಗ ಕೊಟ್ಟ ಸಿಡ್ನಿಯ ತಂಡಕ್ಕೆ ಹೋದಳು. ಕೊನೆಗೆ ಉಳಿದದ್ದು ಕ್ರಿಕೆಟ್ಟೇ. ಆದರೆ ಆರಿಸಿದ್ದು ಆಕೆ, ತನ್ನ ವೇಳೆಗೆ.

ನಮ್ಮವರೇ ಬೇಕು ಅಂದರೆ ಜೆಮಿಮಾ ರೋಡ್ರಿಗಸ್ ಇದ್ದಾಳೆ. ಮಂಗಳೂರು ಮೂಲದ ಕ್ರೈಸ್ತ ಕುಟುಂಬ, ಬೆಳೆದದ್ದು ಮುಂಬೈಯಲ್ಲಿ. ಕ್ರಿಕೆಟ್ ಆಡುತ್ತಲೇ ಮಹಾರಾಷ್ಟ್ರದ ಕಿರಿಯರ ಹಾಕಿ ತಂಡಕ್ಕೂ ಆಡಿದವಳು. 2025ರ ಅಕ್ಟೋಬರ್ 30ರಂದು ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಕೊಟ್ಟ 339ರ ಗುರಿಯನ್ನು ಭಾರತ ಮುಟ್ಟಿದಾಗ ಆಕೆ ಔಟಾಗದೆ 127. ಪಂದ್ಯ ಮುಗಿದು ಅಳುತ್ತಾ ಯೇಸುವಿಗೆ ವಂದನೆ ಹೇಳಿದ್ದನ್ನು ನಮ್ಮಲ್ಲಿ ನೋಡದವರು ಯಾರಿದ್ದಾರೆ? ಆ ವಿಡಿಯೋವನ್ನು ಫಾರ್ವರ್ಡ್ ಮಾಡಿದ ಮನೆಗಳಲ್ಲೇ ಇವತ್ತು "ಎರಡು ಆಟ ಯಾಕೆ" ಎಂಬ ಪ್ರಶ್ನೆ ಬಂದಿದೆ.

ನ್ಯಾಯಕ್ಕೆ ಇನ್ನೊಂದು ಬದಿಯನ್ನೂ ಹೇಳಬೇಕು. ಅದೇ ವಿಶ್ವಕಪ್ ಗೆದ್ದ ತಂಡದ ಉಪನಾಯಕಿ ಸ್ಮೃತಿ ಮಂಧಾನಾ ನಮ್ಮ ಸಾಂಗ್ಲಿಯವಳು. ಒಂಬತ್ತನೇ ವಯಸ್ಸಿಗೇ ಮಹಾರಾಷ್ಟ್ರದ 15 ವರ್ಷದೊಳಗಿನವರ ಕ್ರಿಕೆಟ್ ತಂಡಕ್ಕೆ ಆಯ್ಕೆಯಾದವಳು. ಚಿಕ್ಕಂದಿನಿಂದ ಒಂದೇ ಆಟ, ಒಂದೇ ಗುರಿ. ಅದೂ ಒಂದು ದಾರಿ, ಅಂಥ ಮಗು ಮನೆಯಲ್ಲಿದ್ದರೆ ತಂದೆತಾಯಿಗೆ ಗೊತ್ತಾಗುತ್ತದೆ. ಆ ತಾಯಿಯ ಚಿಂತೆಯನ್ನೂ ನಾವು ಹಗುರವಾಗಿ ನೋಡುತ್ತಿಲ್ಲ. ಬರದ ತಾಲ್ಲೂಕಿನಲ್ಲಿ ತರಬೇತಿಯ ಫೀ ಅಂದರೆ ಸಣ್ಣ ಮಾತಲ್ಲ. ನಿಮ್ಮ ಮಗ ಫುಟ್‌ಬಾಲ್ ಆಡಲೇಬೇಕು ಅಂತ ನಾವು ಹೇಳುವುದಿಲ್ಲ, ಬೇರೆ ಮಕ್ಕಳಿಗೆ ಅದು ಇರಲಿ ಅನ್ನುತ್ತೇವೆ, ಅಷ್ಟೆ.

ಈ ವಾರ ಕಿರುಸಭೆಯಲ್ಲಿ ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯ ಓದಿದೆವು, ತಲಾಂತುಗಳ ಸಾಮತಿ. ಒಂದನ್ನು ಹೂತಿಟ್ಟವನ ಬಗ್ಗೆ ನಾವೆಲ್ಲ ಪ್ರವಚನ ಕೇಳಿದ್ದೇವೆ. ನಮ್ಮಲ್ಲಿ ಒಬ್ಬಳು ಕೇಳಿದ ಪ್ರಶ್ನೆ ಬೇರೆ: ಐದು ಸಿಕ್ಕವನು ಐದರಲ್ಲೂ ವ್ಯಾಪಾರ ಮಾಡಿದ, ಅಲ್ಲವೇ? ಒಂದರಲ್ಲಿ ಮಾತ್ರ ಗಮನವಿಡು, ನಾಲ್ಕನ್ನು ಮಣ್ಣಿನಲ್ಲಿಡು ಅಂತ ಧಣಿ ಹೇಳಲಿಲ್ಲವಲ್ಲ? ನಾವು ಈ ದಿಕ್ಕಿನಲ್ಲಿ ಯೋಚಿಸಿರಲೇ ಇಲ್ಲ. ಸಂತ ಪೌಲರಂತೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ ಓಟದಿಂದ ನೇರ ಮುಷ್ಟಿಯುದ್ಧಕ್ಕೆ ಹಾರುತ್ತಾರೆ, ಒಂದೇ ಉಸಿರಿನಲ್ಲಿ ಎರಡು ಆಟ.

ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು ಅಂತ ಲೆಕ್ಕ ಹಾಕಿದ್ದೇವೆ. ಬಹುಮಾನ ಹೋದ ವರ್ಷದಷ್ಟೇ ಇರಲಿ. ಬೆಳಿಗ್ಗೆ ಆರರಿಂದ ಎಂಟೂವರೆಯವರೆಗೆ ಫುಟ್‌ಬಾಲ್, ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ಮನೆಗೆ, ನಾಲ್ಕರಿಂದ ಕ್ರಿಕೆಟ್. ಎರಡಕ್ಕೂ ಒಂದೇ ಬಯಲು ಸಾಕು. ಭಾನುವಾರ ಬೆಳಿಗ್ಗೆ ಆಟವಿಲ್ಲ, ಬಲಿಪೂಜೆ ಮುಗಿದ ಮೇಲೆಯೇ. ಚೆಂಡಿನ ಖರ್ಚಿಗೆ ನಾವು ಐದೂ ಜನ ನೂರು ನೂರು ರೂಪಾಯಿ ಹಾಕುತ್ತೇವೆ. ಏಪ್ರಿಲ್ ಕೊನೆಯ ಶನಿವಾರ ಎಲ್ಲರೂ ಕುಡುಗೋಲು ಹಿಡಿದು ಬಂದರೆ ಬಯಲಿನ ಅಂಚಿನ ಜಾಲಿಯನ್ನು ಒಂದೇ ಮುಂಜಾನೆಯಲ್ಲಿ ಸವರಿಬಿಡಬಹುದು.

ಬರುವ ಭಾನುವಾರ ಮತ್ತೆ ಅದೇ ಬೇವಿನ ಮರದ ಕೆಳಗೆ ಸೇರೋಣ. ಈ ಸಲ ಹುಡುಗಿಯರ ಎರಡೂ ತಂಡಗಳಿಗೆ ಹೇಳಿ ಕಳಿಸಿದ್ದೇವೆ, ಬರುತ್ತೇವೆ ಅಂದಿದ್ದಾರೆ. ಕಾಕಾ ಅವರೂ ಬರಬೇಕು. ಅವರ ಮೊಮ್ಮಗಳೇ ಹೋದ ವರ್ಷ ಗೋಲ್‌ಕೀಪರ್ ಆಗಿದ್ದಳು. ಗೋಲ್ ಕಂಬಕ್ಕೆ ನಾಲ್ಕು ಬಿದಿರು, ಅಡ್ಡಕ್ಕೆ ಎರಡು ಬೇಕು. ಯಾರ ಮನೆಯ ಹಿತ್ತಲಲ್ಲಿ ಇವೆಯೋ ಮೊದಲೇ ತಿಳಿಸಿ.